ಸೋದರಮಾವನ ಗುರುಪರಂಪರೆ

ನಮ್ಮ ಸೋದರಮಾವನ ಯೋಗಗುರು ಒಂದು ಬೆಕ್ಕು. ನಗಬೇಡಿ! ಅವನ ಮುಂದೆ ನಕ್ಕವರಿಗೆ ಪಾಠ ಇನ್ನಷ್ಟು ಉದ್ದವಾಗುತ್ತದೆ. ಗುರುವನ್ನು ಹುಡುಕಿಕೊಂಡು ಹಿಮಾಲಯಕ್ಕೆ ಹೋದವರ ಕಥೆಗಳನ್ನು ನೀವೂ ಕೇಳಿರುತ್ತೀರಿ. ನಮ್ಮ ಮಾವ ಅಷ್ಟು ದೂರ ಹೋಗಲಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿರುವ ತನ್ನ ಮನೆಯ ಹಿತ್ತಲಿಗೆ ಹೋದ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗುರು ಮಲಗಿತ್ತು. ಒಂದು ಕಣ್ಣು ತೆರೆದು ಶಿಷ್ಯನನ್ನು ನೋಡಿತು, ಮತ್ತೆ ಮುಚ್ಚಿಕೊಂಡಿತು. ದೀಕ್ಷೆ ಆಯಿತು ಎಂದು ಮಾವ ತಿಳಿದುಕೊಂಡ.

ಮಾವ ಜವಳಿ ಅಂಗಡಿಯ ಗಾದಿಯ ಮೇಲೆ ಕೂತೇ ಅರ್ಧ ಆಯುಷ್ಯ ಕಳೆದವನು. ಸೀರೆಗಳನ್ನು ಬಿಚ್ಚಿ ತೋರಿಸಲು ಬೇರೆಯವರಿದ್ದರು; ಇವನ ಕೆಲಸ ಕೂತಲ್ಲೇ ನಕ್ಕು 'ಬರ್ರಿ, ಕೂಡ್ರಿ' ಎನ್ನುವುದು. ಕೂತು ಕೂತು ಬೆನ್ನು ಹಲಗೆಯಾಯಿತು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಡಾಕ್ಟರ ಹತ್ತಿರ ಹೋದರೆ ಅವರು ಯೋಗ ಮಾಡಿ ಎಂದರು. ಸರಿ, ಒಂದು ಯೋಗದ ಕ್ಲಾಸಿಗೆ ಸೇರಿದ. ಮೊದಲ ದಿನವೇ ಅಲ್ಲಿನ ಮೇಡಂ ಎಲ್ಲರನ್ನೂ ಮಂಡಿ ಊರಿಸಿ, ಈಗ ಬೆಕ್ಕಿನ ಹಾಗೆ ಬೆನ್ನು ಬಾಗಿಸಿ ಅಂದರಂತೆ.

"ಮೇಡಮ್ಮೋರೆ, ನಿಮ್ಮ ಮನ್ಯಾಗೆ ಬೆಕ್ಕು ಐತೇನ್ರಿ?" ಎಂದು ಮಾವ ಮಂಡಿ ಊರಿಕೊಂಡೇ ಕೇಳಿದ.

"ಇಲ್ಲ ಸರ್, ನನಗೆ ಅಲರ್ಜಿ."

ಅಷ್ಟೇ, ಮಾವ ಎದ್ದು ಚಾಪೆ ಸುತ್ತಿಕೊಂಡು ಮನೆಗೆ ಬಂದ. ಬೆಕ್ಕು ಕಂಡರೆ ಸೀನುವವರು ಬೆಕ್ಕಿನ ಆಸನ ಕಲಿಸುವುದು ಯಾವ ನ್ಯಾಯ? "ನಕಲು ನೋಡಿ ನಕಲು ಮಾಡಿದ್ರೆ ಬಣ್ಣ ಹೋಗ್ತೈತೆ. ಅಸಲು ಮಾಲು ನೋಡಬೇಕು" ಎಂದು ಜವಳಿ ವ್ಯಾಪಾರದ ಭಾಷೆಯಲ್ಲೇ ತೀರ್ಪು ಕೊಟ್ಟ. ಮರುದಿನದಿಂದ ಒಗೆಯುವ ಕಲ್ಲಿನ ಪಕ್ಕದಲ್ಲಿ ಅವನ ಚಾಪೆ ಬಿತ್ತು. ಗುರು ಏಳುವವರೆಗೆ ಶಿಷ್ಯ ಕಾಯಬೇಕು. ಗುರು ಎದ್ದು ಮುಂಗಾಲು ಚಾಚಿದರೆ ಶಿಷ್ಯ ಕೈ ಚಾಚಬೇಕು. ಗುರು ಬೆನ್ನು ಮೇಲೆತ್ತಿದರೆ ಶಿಷ್ಯನದೂ ಮೇಲೆ. ಗುರು ಕಾಂಪೌಂಡ್ ಹಾರಿ ಪಕ್ಕದ ಮನೆಗೆ ಹೋದರೆ ಮಾತ್ರ ಕ್ಲಾಸ್ ಮುಗಿಯಿತು ಎಂದು ಅರ್ಥ. ಪುಣ್ಯಕ್ಕೆ ಕಾಂಪೌಂಡ್ ಹಾರುವುದನ್ನು ಮಾತ್ರ ಕಲಿಯಲಿಲ್ಲ!

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮಾವ ಕಲಿತದ್ದನ್ನು ಸಂಸಾರಕ್ಕೂ ತಂದ. "ಬೆಕ್ಕು ಎದ್ದ ಕೂಡ್ಲೆ ಎಲ್ಲಿಗೂ ಓಡಲ್ಲ. ಮೊದಲು ಮೈ ಮುರೀತೈತೆ. ಆಮ್ಯಾಲೆ ಲೋಕದ ಕಡೆ ನೋಡ್ತೈತೆ. ನಾವು ಹಂಗೆ ಮಾಡ್ತೀವೇನು?" ಎಂದು ಕೇಳುತ್ತಾ ಯಾವುದಕ್ಕೂ ಅವಸರ ಮಾಡುವುದನ್ನೇ ಬಿಟ್ಟ. ಒಮ್ಮೆ ಅತ್ತೆ ಮನೆಯಲ್ಲಿಲ್ಲದಾಗ ಗ್ಯಾಸ್ ಸಿಲಿಂಡರ್ ತಂದವನು ಬೆಲ್ ಮಾಡಿದ. ಮಾವ ಕುರ್ಚಿಯಿಂದ ಇಳಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೈ ಚಾಚಿ, ಆಕಳಿಸಿ, ಲೋಕದ ಕಡೆ ನೋಡುವ ಹೊತ್ತಿಗೆ ಸಿಲಿಂಡರ್ ಮುಂದಿನ ಬೀದಿ ಸೇರಿತ್ತು. ಅತ್ತೆ ಬಂದು ಒಲೆ ನೋಡಿದಳು, ಗಂಡನನ್ನು ನೋಡಿದಳು.

"ಬೆಕ್ಕು ಇನ್ನೊಂದು ಕೆಲಸಾನೂ ಮಾಡ್ತೈತ್ರಿ. ಇಲಿ ಹಿಡೀತೈತೆ. ಅದನ್ನ ಯಾವಾಗ ಕಲೀತೀರಿ?"

ನಮ್ಮ ಅತ್ತೆ ಹರಿಹರದ ಆಚೆಗಿನ ಭಾನುವಳ್ಳಿಯವಳು. ಅವಳ ತವರಿನವರದು ನಾಲೆಯ ನೀರಿನ ಗದ್ದೆ, ಜೊತೆಗೊಂದು ವೀಳ್ಯದೆಲೆ ತೋಟ. ಗಿಡ, ಹಕ್ಕಿ, ಹುಳ ಎಲ್ಲದರ ನಡುವೆಯೇ ಬೆಳೆದವಳಾದ್ದರಿಂದ ಅವಳಿಗೆ ಅವುಗಳ ಬಗ್ಗೆ ಯಾವ ಬೆರಗೂ ಇರಲಿಲ್ಲ. ಬೆರಗೆಲ್ಲ ಪೇಟೆಯಲ್ಲಿ ಹುಟ್ಟಿ ಬೆಳೆದ ಮಾವನಿಗೇ! ಮಾವಿನ ಗಿಡದಲ್ಲಿ ಚಿಗುರು ಕಂಡರೆ ಮಾವ ಕೈ ಮುಗಿಯುತ್ತಿದ್ದ. ಅತ್ತೆ ತೋರಣಕ್ಕಾಯಿತು ಎಂದು ಕೀಳುತ್ತಿದ್ದಳು. ಅವನ ಯೋಗದ ಕ್ಲಾಸಿಗೆ ಅವಳು ಒಂದು ದಿನವೂ ಕಾಲಿಟ್ಟವಳಲ್ಲ.

ಹೌದು, ಕ್ಲಾಸ್! ಬೆನ್ನು ಹಗುರವಾದದ್ದೇ ತಡ, ಮಾವ ಬಡಾವಣೆಯ ಪಾರ್ಕಿನಲ್ಲಿ ತಾನೇ ಕಲಿಸಲು ನಿಂತ. ಹೈಸ್ಕೂಲಿನಲ್ಲಿ ಗಣಿತ ಹೇಳಿ ಹೇಳಿ ಸೊಂಟ ಹಿಡಿದಿದ್ದ ನಾನೂ ಸೇರಿದೆ. ಸೇರದಿದ್ದರೆ ಮಾವ ಮನೆಗೇ ಬಂದು ಕಲಿಸುವ ಅಪಾಯವಿತ್ತು. ಪಾರ್ಕಿನ ಮಧ್ಯೆ ಒಂದು ಹೊಂಗೆ ಮರ. ಮಾವನ ಗುರುಪರಂಪರೆಯಲ್ಲಿ ಅದು ಎರಡನೆಯದು. ವೃಕ್ಷಾಸನಕ್ಕೆ ನಾವೆಲ್ಲ ಒಂಟಿ ಕಾಲಿನಲ್ಲಿ ನಿಂತು ಆ ಮರವನ್ನೇ ನೋಡಬೇಕು. ಎಣಿಕೆ ಇಲ್ಲ, ಸೀಟಿ ಇಲ್ಲ. ಎಷ್ಟು ಹೊತ್ತು ಎಂದು ಕೇಳಿದರೆ, "ಮರ ಯಾರನ್ನಾದ್ರೂ ಟೈಮ್ ಕೇಳೇತೇನು?" ಎನ್ನುವ ಉತ್ತರ ಸಿದ್ಧವಾಗಿರುತ್ತಿತ್ತು. ನಾವು ತೂರಾಡಿದರೆ ಬೈಯುತ್ತಿರಲಿಲ್ಲ.

"ಗಾಳಿ ಬಂದ್ರೆ ಮರಾನೂ ಅಲ್ಲಾಡ್ತೈತೆ. ಅಲ್ಲಾಡೋದು ತಪ್ಪಲ್ಲ, ಬೀಳೋದು ತಪ್ಪು!"

ಈ ಮಾತನ್ನು ಅವನು ದಿನವೂ ಹೇಳುತ್ತಿದ್ದ. ನಮಗೆ ಅದು ಬಾಯಿಪಾಠವಾಗಿತ್ತು. ಅವನು ಮೊದಲರ್ಧ ಹೇಳಿದರೆ ನಾವೆಲ್ಲ ಒಂಟಿ ಕಾಲಿನಲ್ಲಿ ನಿಂತೇ ಉಳಿದರ್ಧ ಕೂಗುತ್ತಿದ್ದೆವು. ವಾಕಿಂಗಿಗೆ ಬಂದವರು ಬೆಚ್ಚಿ ದಾರಿ ಬದಲಿಸುತ್ತಿದ್ದರು. ಕ್ಲಾಸಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ನಿಲ್ಲುತ್ತಿದ್ದವರು ಒಬ್ಬ ನಿವೃತ್ತ ಬಸ್ ಕಂಡಕ್ಟರು. ಹರಿಹರದ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಟಿಕೆಟ್ ಹರಿದ ಕಾಲು ಅವರದು, ಕೇಳಬೇಕೆ? ಮಾವ ಅವರನ್ನು ಹೊಗಳಿದಾಗಲೆಲ್ಲ ಅವರು ನಾಚಿಕೊಂಡು, "ಮರಕ್ಕಿಂತ ನಮ್ಮ ಡ್ರೈವರ್ ಭಾಳ ಕಲಿಸ್ಯಾನ್ರಿ" ಎನ್ನುತ್ತಿದ್ದರು.

ಮೂರನೆಯ ಗುರು ಸಿಕ್ಕಿದ್ದು ಭಾನುವಳ್ಳಿಯಲ್ಲಿ. ಅತ್ತೆಯ ತವರಿನ ಊಟಕ್ಕೆ ಹೋದ ಮಾವ ಹೋಳಿಗೆ ಬಿಟ್ಟು ಗದ್ದೆಯ ಬದುವಿನ ಮೇಲೆ ಪಂಚೆ ಎತ್ತಿ ಕಟ್ಟಿ ಒಂಟಿ ಕಾಲಿನಲ್ಲಿ ನಿಂತುಬಿಟ್ಟಿದ್ದ. ಎದುರಿಗೆ ಕೆಸರಿನಲ್ಲಿ ಒಂದು ಕೊಕ್ಕರೆಯೂ ಹಾಗೇ ನಿಂತಿತ್ತು. ನೀರು ತಿರುಗಿಸಲು ಬಂದ ರೈತರೊಬ್ಬರು ಇಬ್ಬರನ್ನೂ ನೋಡಿ, ಕೊಕ್ಕರೆಯನ್ನು ಬಿಟ್ಟು ಮಾವನನ್ನು ಮಾತನಾಡಿಸಿದರು.

"ಏನ್ರಿ ಸಾವ್ಕಾರ್ರೆ, ಏನಾರ ಕಳಕಂಡೀರೇನು?"

"ಸಮಾಧಾನ ಹುಡುಕಾಕತ್ತೀನ್ರಿ."

"ಇಲ್ಲೇ ಬೀಳಿಸೀರೇನು?" ಎಂದು ಅವರೂ ನಾಲ್ಕು ಹೆಜ್ಜೆ ಕೆಸರಿನಲ್ಲಿ ಬಗ್ಗಿ ನೋಡಿದರಂತೆ. ಒಳ್ಳೆಯ ಜನ!

ಕೊಕ್ಕರೆಯ ತಾಳ್ಮೆಯನ್ನು ಮಾವ ದಾವಣಗೆರೆಗೆ ತಂದದ್ದು ಬೆಣ್ಣೆದೋಸೆಗಾಗಿ. ನಮ್ಮೂರಿನ ದೋಸೆ ಹೋಟೆಲುಗಳಲ್ಲಿ ಭಾನುವಾರ ಜಾಗ ಸಿಗುವುದು ಎಷ್ಟು ಕಷ್ಟ ಎಂಬುದು ಊರಿನವರಿಗೆ ಗೊತ್ತು. ತಿನ್ನುವವರ ಕುರ್ಚಿಯ ಹಿಂದೆ ನಿಂತು ಕಾಯುವುದು ನಮ್ಮಲ್ಲಿ ಅವಮರ್ಯಾದೆಯಲ್ಲ. ಆದರೆ ಕಾಯುವುದಕ್ಕೂ ಒಂದು ರೀತಿ ಇದೆ. ಅತ್ತಿತ್ತ ನೋಡಬೇಕು, ಮೊಬೈಲ್ ತೀಡಬೇಕು, ತಿನ್ನುವವನ ತಟ್ಟೆ ಕಂಡೇ ಇಲ್ಲವೆಂಬಂತೆ ಇರಬೇಕು. ಮಾವ ಹಾಗೆ ಮಾಡಲಿಲ್ಲ. ಒಬ್ಬ ಯುವಕನ ಟೇಬಲ್ಲಿನ ಪಕ್ಕ ಕತ್ತು ತುಸು ಮುಂದೆ ಚಾಚಿ, ರೆಪ್ಪೆ ಮಿಟುಕಿಸದೆ, ಅವನ ದೋಸೆಯನ್ನೇ ನೋಡುತ್ತಾ ನಿಂತ. ಒಂದು ಕಾಲು ತಾನಾಗಿಯೇ ಮೇಲೆ ಹೋಯಿತು. ಆ ಹುಡುಗ ಒಂದು ತುತ್ತು ತಿಂದ, ಮಾವನನ್ನು ನೋಡಿದ. ಇನ್ನೊಂದು ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. "ನೀವೇ ಕೂಡ್ರಿ ಅಜ್ಜಾರೆ" ಎಂದು ಅರ್ಧ ದೋಸೆ ಬಿಟ್ಟು ಎದ್ದೇಹೋದ.

ನಾನು ನಾಚಿಕೆಯಿಂದ ಕಂಬದ ಹಿಂದೆ ಅಡಗಿದ್ದೆ. ಮಾವ ನನ್ನನ್ನು ಕೈಬೀಸಿ ಕರೆದ. "ಬಾರವ್ವ, ಕೂತ್ಕ. ಕೊಕ್ಕರೆ ಅವಸರ ಮಾಡಲ್ಲ. ಮೀನೇ ಬರ್ತೈತೆ." ದೋಸೆ ಬಂದ ಮೇಲೆ ನಾಚಿಕೆ ಎಲ್ಲಿಗೆ ಹೋಯಿತೋ ನನಗೆ ನೆನಪಿಲ್ಲ.

ಇಂಥ ಮಾವನಿಗೂ ಒಂದು ಸಲ ಬಾಯಿ ಕಟ್ಟಿತ್ತು. ಆ ಕಥೆಯನ್ನು ಅವನು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳಬೇಕು. ಇಡೀ ಕ್ಲಾಸಿಗೆ ಎಲೆಬಳ್ಳಿಯ ದರ್ಶನ ಮಾಡಿಸಬೇಕೆಂದು ಅವನಿಗೆ ಮನಸ್ಸಾಯಿತು. "ಬಳ್ಳಿ ನೋಡ್ರಿ, ಅದಕ್ಕೆ ಬೆನ್ನುಮೂಳೆ ಇಲ್ಲ. ಆದ್ರೂ ಒಂದು ಆಸರೆ ಹಿಡಕಂಡು ಹೆಂಗೆ ಆಕಾಶಕ್ಕೆ ಏರ್ತೈತೆ! ಬೆನ್ನುಮೂಳೆ ಇಟ್ಕಂಡು ನಾವು ಏರಬ್ಯಾಡೇನು?" ಎಂದು ವಾರವೆಲ್ಲ ಪೀಠಿಕೆ ಹಾಕಿದ. ಟೆಂಪೋ ಮಾಡಿಕೊಂಡು, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು, ಹರಿಹರದ ಮೇಲೆ ಭಾನುವಳ್ಳಿಗೆ ಹೋದೆವು. ಅಣ್ಣನ ಮನೆಗೆ ಹೋಗುವ ನೆಪದಿಂದ ಅತ್ತೆಯೂ ಜೊತೆಗೆ ಬಂದಳು.

ತೋಟದೊಳಗೆ ಕಾಲಿಟ್ಟು, ಮಾವ ಎರಡೂ ಕೈ ಮೇಲೆತ್ತಿ "ನೋಡ್ರಿ!" ಎಂದ. ನಾವು ಮೇಲೆ ನೋಡಿದೆವು. ಬರೀ ನುಗ್ಗೆ ಗಿಡ, ಅಗಸೆ ಗಿಡ. ಬಳ್ಳಿಗಳೆಲ್ಲ ನೆಲದ ಮೇಲೆ ಉದ್ದಕ್ಕೆ ಮಲಗಿದ್ದವು! ನಾವು ಹೋದದ್ದು ಸರಿಯಾಗಿ ಬಳ್ಳಿ ಇಳಿಸುವ ದಿನ. ವರ್ಷಕ್ಕೊಮ್ಮೆ, ಆಸರೆ ಗಿಡದ ತುದಿ ಮುಟ್ಟಿದ ಬಳ್ಳಿಯ ಕಟ್ಟು ಬಿಚ್ಚಿ, ನಿಧಾನವಾಗಿ ಕೆಳಗಿಳಿಸಿ, ಹಳೆಯ ಕಾಂಡವನ್ನು ಬುಡದಲ್ಲಿ ಸಿಂಬೆಯಂತೆ ಸುತ್ತಿ ಮಣ್ಣು ಗೊಬ್ಬರ ಮುಚ್ಚುತ್ತಾರೆ. ತುದಿಯನ್ನಷ್ಟೇ ಬಾಳೆಯ ನಾರಿನಿಂದ ಮತ್ತೆ ಗಿಡಕ್ಕೆ ಕಟ್ಟುತ್ತಾರೆ. ಎಲೆತೋಟ ಇರುವವರಿಗೆಲ್ಲ ಇದು ಗೊತ್ತಿರುವ ವಿಷಯ. ಎಲೆತೋಟದ ಅಳಿಯನಿಗೆ ಮಾತ್ರ ಗೊತ್ತಿರಲಿಲ್ಲ.

ಎತ್ತಿದ ಕೈ ಇಳಿಸಲೂ ಆಗದೆ ಮಾವ ಹಾಗೇ ನಿಂತಿದ್ದ. ಕಂಡಕ್ಟರು ಗಂಭೀರವಾಗಿ, "ಸರ, ಇದು ಶವಾಸನದ ಪಾಠ ಅಲ್ಲೇನ್ರಿ?" ಎಂದು ಕೇಳಿದರು. ಅತ್ತೆ ಬದುವಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಒಂದ್ ಮಾತು ಕೇಳಿದ್ರೆ ಹೇಳ್ತಿದ್ನಲ್ರಿ! ಬೆಕ್ಕನ್ನ ಕೇಳ್ತೀರಿ, ಕೊಕ್ಕರೆ ಕೇಳ್ತೀರಿ, ನನ್ನ ಕೇಳಂಗಿಲ್ಲ." ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬರುವಾಗ ಹರಿಹರದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿಂದೆವು. ತುಂಗಭದ್ರೆ ತನ್ನ ಪಾಡಿಗೆ ಹರಿಯುತ್ತಿತ್ತು. ಹೊಳೆಯಿಂದ ಏನು ಕಲಿಯಬೇಕೆಂದು ಯಾರೋ ಕೇಳಿದರು. "ಸುಮ್ಮನೆ ತಿನ್ರಿ" ಎಂದ ಮಾವ.

ಅದಾಗಿ ಕೆಲವು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಪಾರ್ಕಿನಲ್ಲಿ ಮಾವ ಎಂದಿನಂತೆ ಹೊಂಗೆ ಮರದ ಮುಂದೆ ಒಂಟಿ ಕಾಲಿನಲ್ಲಿ ನಿಂತು, ಕೈ ಮೇಲೆ ಜೋಡಿಸಿ, "ಅಲ್ಲಾಡೋದು ತಪ್ಪಲ್ಲ..." ಎಂದ. ನಾವು "ಬೀಳೋದು ತಪ್ಪು!" ಎಂದು ಕೂಗಿದೆವು. ಕೂಗಿ ಮುಗಿಯುವ ಮೊದಲೇ ಅವನು ಬಿದ್ದಿದ್ದ. ಎಲೆ ಅಲುಗುವಷ್ಟು ಗಾಳಿಯೂ ಇರಲಿಲ್ಲ. ಕಂಡಕ್ಟರು ಹಳೆಯ ಅಭ್ಯಾಸದಿಂದ "ಹೋಲ್ಡಾನ್!" ಎಂದು ಚೀರಿಬಿಟ್ಟರು. ಯಾರಿಗೂ ನಗು ಬರಲಿಲ್ಲ.

ಮುಂಗೈಯ ಮೂಳೆ ಸ್ವಲ್ಪ ಬಿರುಕು ಬಿಟ್ಟಿತ್ತು, ಅದು ಕೂಡಿಕೊಂಡಿತು. ಆದರೆ ಬಿದ್ದದ್ದು ಯಾಕೆ ಎಂದು ಪರೀಕ್ಷೆ ಮಾಡಿದ ಡಾಕ್ಟರು, ಕಿವಿಯ ಒಳಗೆ ಮೈಯ ಸಮತೋಲ ಕಾಯುವ ಭಾಗ ಕೆಟ್ಟಿದೆ, ಅದು ಮೊದಲಿನಂತೆ ಆಗುವುದು ಕಷ್ಟ ಎಂದರು. ಒಂಟಿ ಕಾಲಿನ ಆಸನ ಬೇಡ, ತಲೆಕೆಳಗಾಗುವುದಂತೂ ಬೇಡವೇ ಬೇಡ, ನಡೆಯುವಾಗ ಕೋಲು ಇರಲಿ. ಮಾವ ಎಲ್ಲಕ್ಕೂ ತಲೆ ಆಡಿಸಿದ. ಮನೆಗೆ ಬಂದು ಚಾಪೆಯನ್ನು ಸುತ್ತಿ ಅಟ್ಟದ ಮೇಲೆ ಹಾಕಿಸಿದ. ಆಮೇಲೆ ಪಾರ್ಕಿನ ಕಡೆ ಮುಖ ಹಾಕಲಿಲ್ಲ.

ಅವನ ಮೌನ ನನಗೆ ಹೊಸದು. ಉದ್ದುದ್ದ ಪಾಠ ಕೇಳಿ ಆಕಳಿಸುತ್ತಿದ್ದ ನಾನೇ ಈಗ, ಒಂದು ಪಾಠ ಹೇಳು ಮಾರಾಯ ಎಂದು ಕಾಯುವಂತಾಯಿತು. ಬೆಕ್ಕು ಬಂದು ಅವನ ಕುರ್ಚಿಯ ಮುಂದೆಯೇ ಮೈ ಚಾಚುತ್ತಿತ್ತು. ಅವನು ಮುಖ ತಿರುಗಿಸುತ್ತಿದ್ದ. ಒಂದು ದಿನ ನಾನು ಅವನ ಔಷಧವನ್ನು ಅವನಿಗೇ ಕುಡಿಸಲು ನೋಡಿದೆ.

"ಮಾವ, ಗಾಳಿಗೆ ಒಮ್ಮೊಮ್ಮೆ ಮರಾನೂ ಬೀಳ್ತೈತಲ್ಲ?"

"ಬಿದ್ದ ಮರದ ಮುಂದೆ ನಿಂತು ಯಾರೂ ಆಸನ ಕಲಿಯಲ್ಲವ್ವ. ಕೊಯ್ಯಾಕೆ ಸಾಮಿಲ್ಲಿಗೆ ಸಾಗಸ್ತಾರೆ."

"ಕೊಕ್ಕರೆ ತಾಳ್ಮೆ..."

"ನೆಟ್ಟಗೆ ನಿಂದ್ರಾಕೆ ಬರ್ದಿರೋ ಕೊಕ್ಕರೆ ಉಪಾಸ ಸಾಯ್ತೈತೆ." ಆಮೇಲೆ ಮೆಲ್ಲಗೆ ಹೇಳಿದ: "ಬೀಳೋದು ತಪ್ಪು ಅಂತ ಊರಿಗೆಲ್ಲ ಸಾರಿದವ ನಾನು. ಈಗ ಕೋಲು ಊರಿಕಂಡು ಹೋಗಿ ಯಾವ ಮುಖ ತೋರಿಸಲಿ?"

ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು. ಕ್ಲಾಸ್ ಕ್ರಮೇಣ ಚದುರಿತು. ಕಂಡಕ್ಟರು ಮಾತ್ರ ದಿನವೂ ಒಬ್ಬರೇ ಬಂದು ಹೊಂಗೆ ಮರದ ಮುಂದೆ ನಿಂತು ಹೋಗುತ್ತಿದ್ದರು. ಮಾವ ದಿನದಿಂದ ದಿನಕ್ಕೆ ಇಳಿದುಹೋದ. ಹೀಗೇ ಬಿಟ್ಟರೆ ಈ ಮನುಷ್ಯ ಕುರ್ಚಿಯಲ್ಲೇ ಮುಗಿದುಹೋಗುತ್ತಾನೆ ಎಂಬ ಹೆದರಿಕೆ ನನಗೆ ನಿಜವಾಗಿಯೂ ಹತ್ತಿತ್ತು.

ಮತ್ತೆ ಬಳ್ಳಿ ಇಳಿಸುವ ಕಾಲ ಬಂತು. ಅತ್ತೆ ನನಗೆ ಫೋನ್ ಮಾಡಿ, "ನಾಳೆ ರಜಾ ಹಾಕು, ಭಾನುವಳ್ಳಿಗೆ ಹೋಗಾನ. ನಿಮ್ಮ ಮಾವನ್ನೂ ಎಬ್ಬಿಸಿಕಂಡು" ಎಂದಳು. ಮಾವ ಬರುವುದಿಲ್ಲ ಎಂದ. ನನ್ನ ಅಣ್ಣನ ಮನೆಯ ಊಟ ಬೇಡವಾದರೆ ಬೇಡ ಎನ್ನಿ, ಅವನಿಗೆ ಹಾಗೇ ಹೇಳಿಬಿಡುತ್ತೇನೆ ಎಂದಳು ಅತ್ತೆ. ತವರಿನ ಮಾತು ಬಂದ ಮೇಲೆ ಯಾವ ಗಂಡಸಿಗೆ ಧೈರ್ಯ ಉಳಿಯುತ್ತದೆ? ಕೋಲು ಹಿಡಿದು ಕಾರು ಹತ್ತಿದ.

ತೋಟದಲ್ಲಿ ಅತ್ತೆ ಅವನನ್ನು ಬದುವಿನ ಮೇಲೆ ಕೂರಿಸಿದಳು. ಎದುರಿನ ಸಾಲಿನಲ್ಲಿ ಬಳ್ಳಿ ಇಳಿಸುವ ಕೆಲಸ ಇನ್ನೂ ಶುರುವಾಗಿರಲಿಲ್ಲ. ನುಗ್ಗೆಯ ತುದಿಯವರೆಗೂ ಬಳ್ಳಿ, ಅಂಗೈಯಗಲದ ಹಸಿರೆಲೆ. ಹೋದ ವರ್ಷ ಮಾವ ತೋರಿಸಬೇಕೆಂದಿದ್ದ ನೋಟವೇ ಅದು. ಅವನು ತಲೆ ಎತ್ತಲಿಲ್ಲ.

"ಮ್ಯಾಲೆ ನೋಡ್ರಿ" ಎಂದಳು ಅತ್ತೆ. "ಹೋದ ವರ್ಷ ನೀವು ಬಂದಾಗ ನೆಲದ ಮ್ಯಾಲೆ ಬಿದ್ದಿತ್ತಲ್ಲ, ಅದೇ ಬಳ್ಳಿ ಇದು."

ಮಾವ ಮೇಲೆ ನೋಡಿದ.

ಅತ್ತೆ ಬಗ್ಗಿ ಬುಡದ ಮಣ್ಣನ್ನು ಬೆರಳಿನಿಂದ ಕೆದರಿದಳು. ಸಿಂಬೆ ಸುತ್ತಿದ ಹಳೆಯ ಕಾಂಡದ ಗೆಣ್ಣುಗಳಲ್ಲೆಲ್ಲ ಬಿಳಿಯ ಬೇರು ತುಂಬಿತ್ತು. "ಇಳಿಸದೆ ಹಂಗೇ ಬಿಟ್ರೆ ಎಲೆ ಸಣ್ಣಗಾಗ್ತಾವೆ, ಬಳ್ಳಿ ಬಡವಾಗ್ತೈತೆ. ಅದಕ್ಕೇ ಇಳಿಸಾದು. ನಮ್ಮೂರಾಗೆ ಇಳಿಸಿದ ಬಳ್ಳಿ ಕಂಡು ಯಾರೂ ಬಿತ್ತು ಅನ್ನಲ್ರಿ." ಅವನ ಮುಖ ನೋಡದೆ, ಮಣ್ಣನ್ನು ಮತ್ತೆ ಮುಚ್ಚುತ್ತಾ ಹೇಳಿದಳು: "ಹೋದ ವರ್ಷನೇ ಹೇಳ್ತಿದ್ದೆ. ನೀವು ಕೇಳಲಿಲ್ಲ."

ಮಾವ ಬಗ್ಗಿ ಆ ಬುಡವನ್ನು ನೋಡಿದ. ಆಮೇಲೆ ಕೋಲನ್ನು ಪಕ್ಕಕ್ಕಿಟ್ಟು, ತಾನೂ ಒಂದು ಹಿಡಿ ಮಣ್ಣು ತೆಗೆದು ಬೇರಿನ ಮೇಲೆ ಹಾಕಿದ. ಅತ್ತೆಯ ಅಣ್ಣ ಬಂದು, ಇವತ್ತು ಈ ಸಾಲು ಇಳಿಸೋಣವೇ ಎಂದು ಕೇಳಿದಾಗ, "ಮೆಲ್ಲಕ ಇಳಿಸ್ರಿ" ಎಂದ. ಅಷ್ಟೇ ಮಾತು.

ಮರುದಿನ ಬೆಳಿಗ್ಗೆ ಕಂಡಕ್ಟರ ಫೋನು. "ಮೇಡಮ್ಮೋರೆ, ಜಲ್ದಿ ಬರ್ರಿ ಪಾರ್ಕಿಗೆ!" ಓಡಿಹೋದೆ. ಸುದ್ದಿ ಅದಾಗಲೇ ಹಬ್ಬಿ ಹಳಬರೆಲ್ಲ ಸೇರಿದ್ದರು. ಹೊಂಗೆ ಮರದ ಬುಡದಲ್ಲಿ ಮಾವ ನಿಂತಿದ್ದ. ಕೈಯಲ್ಲಿ ಕೋಲಿರಲಿಲ್ಲ. ಅವನ ಬಲಗೈ ಅತ್ತೆಯ ಹೆಗಲ ಮೇಲಿತ್ತು. ಕ್ಲಾಸಿಗೆ ಒಂದು ದಿನವೂ ಬಾರದ ಅತ್ತೆ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಾಲು ಊರಿ ನುಗ್ಗೆ ಗಿಡದ ಹಾಗೆ ನಿಂತಿದ್ದಳು. ಅವನು ಡಾಕ್ಟರ ಮಾತು ಮೀರಲಿಲ್ಲ; ಒಂಟಿ ಕಾಲಿನಲ್ಲಿ ನಿಲ್ಲಲಿಲ್ಲ. ಎರಡೂ ಕಾಲಿನ ಮೇಲೆ ನಿಂತದ್ದೇ ಅವತ್ತಿನ ಅವನ ಆಸನ. ಅದರಲ್ಲೂ ಮೈ ತೂರಾಡುತ್ತಿತ್ತು. ತೂರಾಡಿದಾಗಲೆಲ್ಲ ಅತ್ತೆಯ ಹೆಗಲೂ ಅವನೊಂದಿಗೆ ಅಷ್ಟೇ ವಾಲುತ್ತಿತ್ತು.

"ಕಾಲು ಎತ್ರಿ ಎಲ್ರೂ" ಎಂದ ಮಾವ. ನಾವು ಕಾಲು ಎತ್ತಿ ಕೈ ಜೋಡಿಸಿದೆವು.

"ಅಲ್ಲಾಡೋದು ತಪ್ಪಲ್ಲ..." ಎಂದು ಹೇಳಿ ಅವನು ತಡವರಿಸಿದ. ಉಳಿದರ್ಧವನ್ನು ಕೂಗಲು ನಮ್ಮಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ.

"ಅಷ್ಟು ಸಾಕು ಬಿಡ್ರಿ" ಎಂದಳು ಅತ್ತೆ. "ಮುಂದಿಂದು ಬ್ಯಾಡ."

ಮಾವ ಅವಳ ಕಡೆ ತಿರುಗಿ ನೋಡಿದ. ಬೆಕ್ಕಿಗೆ, ಕೊಕ್ಕರೆಗೆ, ಮರಕ್ಕೆ ಕೊಟ್ಟ ಗಮನವನ್ನೆಲ್ಲ ಒಟ್ಟಿಗೆ ಅವಳಿಗೆ ಕೊಟ್ಟು ನೋಡಿದ. "ಆತು, ಬ್ಯಾಡ" ಎಂದ ವಿಧೇಯ ಶಿಷ್ಯನಂತೆ. ನಾನು ಹೊಂಗೆ ಮರವನ್ನೇ ದಿಟ್ಟಿಸಿ ನಿಲ್ಲಲು ಎಷ್ಟೋ ಪ್ರಯತ್ನಪಟ್ಟೆ. ಕಣ್ಣು ತುಂಬಿ ಬಂದು ಮರವೇ ಕಾಣಿಸಲಿಲ್ಲ. ಕಾಲು ಕೆಳಗಿಟ್ಟೆ.